ಪರದೆಯ ಮೇಲಿನ ರೇಟು, ಕೈಗೆ ಸಿಗುವ ದುಡ್ಡು

2025ರ ಸೆಪ್ಟೆಂಬರ್ 22ರಂದು ಹೈದರಾಬಾದಿನ ಅಪಾರ್ಟ್‌ಮೆಂಟುಗಳ ಸೆಲ್ಲಾರಿನಲ್ಲಿ ನಿಂತಿದ್ದ ಸಣ್ಣ ಕಾರುಗಳು ಒಂದು ಕಿಲೋಮೀಟರೂ ಓಡದೆ ಅಗ್ಗವಾದವು. ಸಣ್ಣ ಪೆಟ್ರೋಲ್ ಕಾರುಗಳ ಮೇಲೆ ಸೆಸ್ಸೂ ಸೇರಿ 29% ಇದ್ದ ತೆರಿಗೆ ಅಂದಿನಿಂದ 18%ಕ್ಕೆ ಇಳಿಯಿತು. ಮಾರುತಿ ಸುಜುಕಿ ಹೊಸ ಸ್ವಿಫ್ಟ್‌ಗೆ 84,600 ರೂಪಾಯಿವರೆಗೆ, ಆಲ್ಟೊ ಕೆ10ಗೆ 1,07,600 ರೂಪಾಯಿವರೆಗೆ ಬೆಲೆ ಕಡಿತ ಪ್ರಕಟಿಸಿತು. ಹೊಸದೇ ಇಷ್ಟು ಇಳಿದ ಮೇಲೆ ಎರಡು ವರ್ಷ ಓಡಿಸಿದ್ದಕ್ಕೆ ಹಳೆಯ ರೇಟು ಯಾರು ಕೊಟ್ಟಾರು? ಆಗಸ್ಟ್ 15ರ ಕೆಂಪುಕೋಟೆಯ ಭಾಷಣದಲ್ಲಿ ಜಿಎಸ್‌ಟಿ ಇಳಿಕೆಯ ಸೂಚನೆ ಬಂದಂದಿನಿಂದಲೇ ಗಿರಾಕಿಗಳು ಕಾದು ನೋಡತೊಡಗಿದ್ದರು. ಆದರೆ ಮೊಬೈಲಿನಲ್ಲಿ ಹಳೆಯ ಕಾರಿನ ಬೆಲೆ ಹೇಳುವ ಲೆಕ್ಕಕ್ಕೆ ಭಾಷಣ ಕೇಳಿಸುವುದಿಲ್ಲ. ನಿನ್ನೆ ಮೊನ್ನೆ ಕುದುರಿದ ವ್ಯಾಪಾರಗಳನ್ನು ನೋಡಿ ಅದು ಇವತ್ತಿನ ಬೆಲೆ ಹೇಳುತ್ತದೆ. ಗಿರಾಕಿ ಕಾಯುತ್ತಾ ಕೂತ ಆ ಐದು ವಾರ ಅದು ನೋಡುವುದಾದರೂ ಏನನ್ನು?

ಅಂದಾಜು ಹೇಳುವವರಿಗೇನೂ ಬರಗಾಲವಿಲ್ಲ. ಡ್ರೂಮ್ ಕಂಪನಿಯ ಆರೆಂಜ್ ಬುಕ್ ವ್ಯಾಲ್ಯೂ ಇದೆ. ಕಾರ್‌ವಾಲೆ, ಕಾರ್‌ದೇಖೊ, ಕಾರ್ಸ್24, ಸ್ಪಿನ್ನಿ ಇವೆ. ಮಾರುತಿಯದೇ ಟ್ರೂ ವ್ಯಾಲ್ಯೂ ಇದೆ. ಮಾಡೆಲ್, ವೇರಿಯಂಟ್, ವರ್ಷ, ಓಡಿದ ಕಿಲೋಮೀಟರ್, ಎಷ್ಟನೇ ಮಾಲೀಕರು, ಯಾವ ಊರು, ಇಷ್ಟು ತುಂಬಿ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಒಂದು ಅಂಕಿ ಬರುತ್ತದೆ. ಕೊಂಡಾಪುರದ ಸಾಫ್ಟ್‌ವೇರ್ ದಂಪತಿಗೂ, ಬೀದರಿನಿಂದ ಬಂದು ಟೋಲಿಚೌಕಿಯಲ್ಲಿ ಗಾಡಿ ಹುಡುಕುವವರಿಗೂ ಚೌಕಾಸಿಯ ಮೊದಲ ಮಾತು ಈಗ ಅದೇ: “ಆನ್‌ಲೈನಲ್ಲಿ ಇಷ್ಟು ತೋರಿಸ್ತಿದೆಯಲ್ಲ?” ಡೀಲರಿನ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: “ಹಾಗಾದ್ರೆ ಆನ್‌ಲೈನಿಗೇ ಕೊಡಿ ಸಾರ್.”

ಮಾತು ಕೊಂಕಿನದು, ಆದರೆ ಪ್ರಶ್ನೆಯ ತಿರುಳು ಅದರಲ್ಲೇ ಇದೆ. ಪರದೆಯ ಮೇಲಿನ ಅಂಕಿ ನಿಜವೋ ಸುಳ್ಳೋ ಎಂದು ಕೇಳುವ ಮುಂಚೆ, ಆ ಅಂಕಿಗೆ ಗಾಡಿ ತೆಗೆದುಕೊಳ್ಳುತ್ತೇನೆಂದು ದುಡ್ಡು ಹಿಡಿದು ನಿಂತವರು ಯಾರು ಎಂದು ಕೇಳಬೇಕು. ಕೆಲವು ಅಂಕಿಗಳ ಹಿಂದೆ ಯಾರೂ ಇಲ್ಲ, ಅವು ಬರೀ ಮಾಹಿತಿ. ಕೆಲವು ಫೋನ್ ನಂಬರಿಗಾಗಿ ಹಾಕಿದ ಗಾಳ. ತಪಾಸಣೆ ಮುಗಿದ ಮೇಲೆ ಬರುವ ಕೊನೆಯ ಆಫರಿನ ಹಿಂದೆ ಮಾತ್ರ ನಿಜವಾದ ಕೊಳ್ಳುವವರಿರುತ್ತಾರೆ. ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುವುದರಿಂದಲೇ “ಐದು ತೋರಿಸಿ ನಾಲ್ಕು ಕೊಟ್ಟರು” ಎಂಬ ದೂರು ಹುಟ್ಟುತ್ತದೆ.

ಒಂದೇ ಕಾರಿಗೆ ಒಂದೇ ದಿನ ಮೂರು ಬೆಲೆಗಳಿರುತ್ತವೆ ಎಂಬುದೂ ಮರೆತುಹೋಗುತ್ತದೆ. ಪರಿಚಯದವರಿಗೆ ನೇರವಾಗಿ ಮಾರಿದರೆ ಒಂದು, ಡೀಲರಿಗೆ ಕೊಟ್ಟರೆ ಇನ್ನೊಂದು, ಹೊಸ ಕಾರಿನ ಶೋರೂಮಿನಲ್ಲಿ ಎಕ್ಸ್‌ಚೇಂಜ್‌ಗೆ ಹಾಕಿದರೆ ಮತ್ತೊಂದು. ಡೀಲರ್ ಗಾಡಿಯನ್ನು ತಿದ್ದಿ ತೊಳೆದು, ವಾರಗಟ್ಟಲೆ ನಿಲ್ಲಿಸಿಕೊಂಡು, ವಾರಂಟಿ ಕೊಟ್ಟು ಮಾರಬೇಕು. ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರದ ಮೇಲೆ 18% ಜಿಎಸ್‌ಟಿ ಕಟ್ಟಬೇಕು. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿ ಈ ದರ ನಿಗದಿ ಮಾಡಿದಾಗ, ಸ್ವಂತ ಕಾರು ಮಾರುವವರೂ 18% ಕಟ್ಟಬೇಕೆಂದು ಎಲ್ಲೆಡೆ ಗುಲ್ಲೆದ್ದಿತ್ತು. ಹಾಗೇನಿಲ್ಲ, ತೆರಿಗೆ ನೋಂದಾಯಿತ ವ್ಯಾಪಾರಿಯ ಲಾಭದ ಮೇಲೆ ಮಾತ್ರ. ಆದರೆ ವ್ಯಾಪಾರಿ ಅದನ್ನು ಜೇಬಿನಿಂದ ಕಟ್ಟುವುದಿಲ್ಲ. ಕೊಳ್ಳುವ ರೇಟಿನಲ್ಲಿ ಮೊದಲೇ ಕಳೆದಿರುತ್ತಾನೆ.

ಹಳೆಯ ಕಾರಿನ ದರಪಟ್ಟಿ ಹೊಸ ಸಂಗತಿಯಲ್ಲ. ಅಮೆರಿಕದ ಲಾಸ್ ಏಂಜಲೀಸಿನ ಕಾರು ವ್ಯಾಪಾರಿ ಲೆಸ್ ಕೆಲ್ಲಿ 1926ರಲ್ಲಿ ಹೊರತಂದ ಬ್ಲೂ ಬುಕ್ ಇಂದಿಗೂ ಅಲ್ಲಿ ಮನೆಮಾತು. ಇಂಗ್ಲೆಂಡಿನ ಗ್ಲಾಸಸ್ ಗೈಡ್ 1933ರದು. ಆ ದೇಶಗಳಲ್ಲಿ ದೊಡ್ಡ ಹರಾಜು ಕಟ್ಟೆಗಳಿವೆ. ಅಲ್ಲಿ ಡೀಲರುಗಳು ಪರಸ್ಪರ ಕೊಟ್ಟುಕೊಂಡ ಬೆಲೆ ದಾಖಲಾಗುತ್ತದೆ, ದರಪಟ್ಟಿಯ ಬುಡ ಅದೇ. ನಮ್ಮಲ್ಲಿ ಸೈಟು ಮಾರಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರದಲ್ಲಿ ಒಂದು ಬೆಲೆಯಾದರೂ ಇರುತ್ತದೆ (ಅದು ಪೂರ್ತಿ ನಿಜವೇ ಎಂಬುದು ಬೇರೆ ಮಾತು). ಕಾರಿಗೆ ಫಾರ್ಮ್ 29, ಫಾರ್ಮ್ 30 ಕೊಟ್ಟರೆ ಹೆಸರು ಬದಲಾಗುತ್ತದೆ. ಎಷ್ಟಕ್ಕೆ ಹೋಯಿತೆಂಬುದು ಸಾರ್ವಜನಿಕರಿಗೆ ಕಾಣುವ ಯಾವ ಲೆಡ್ಜರಿನಲ್ಲೂ ಇಲ್ಲ. ಹೀಗಾಗಿ ಅಂದಾಜು ಕಟ್ಟುವವರ ಕೈಯಲ್ಲಿರುವ ಸರಕು ಎರಡೇ. ಒಂದು, ಜಾಹೀರಾತಿನಲ್ಲಿ ಮಾರುವವರು ಬರೆದ ಬೆಲೆ. ಅದು ಆಸೆಯ ಬೆಲೆ. ಎರಡು, ಆ ಕಂಪನಿಯೇ ಕೊಂಡ ಗಾಡಿಗಳ ಬೆಲೆ. ಮೊದಲನೆಯದರ ಮೇಲೆ ನಿಂತ ಅಂದಾಜು ಮೇಲಕ್ಕೆ ವಾಲುತ್ತದೆ, ಎರಡನೆಯದರ ಮೇಲೆ ನಿಂತದ್ದು ಕೆಳಕ್ಕೆ. ಯಾವ ತಾಣದ ಅಂಕಿ ಎತ್ತ ವಾಲೀತು ಎಂದು ತಿಳಿಯಲು ಆ ತಾಣದ ಹೊಟ್ಟೆಪಾಡು ಯಾವುದರಿಂದ ನಡೆಯುತ್ತದೆ ಎಂದು ನೋಡಿದರೆ ಮುಕ್ಕಾಲು ಪಾಲು ಉತ್ತರ ಸಿಕ್ಕಂತೆ.

ಇದಕ್ಕಿಂತ ಆಳದ ತೊಡಕೊಂದಿದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅದನ್ನು 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. ಹಲವು ಪತ್ರಿಕೆಗಳು ತಿರಸ್ಕರಿಸಿದ್ದ ಆ ಪ್ರಬಂಧ ಅವರಿಗೆ 2001ರಲ್ಲಿ ನೊಬೆಲ್ ತಂದುಕೊಟ್ಟ ಕೆಲಸದ ಭಾಗ; ಭಾರತದ ಸಾಲದ ಮಾರುಕಟ್ಟೆಯ ಮಾತೂ ಅದರಲ್ಲಿದೆ. ಮಾರುವವರಿಗೆ ಗಾಡಿಯ ಒಳಗುಟ್ಟು ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಕೊಳ್ಳುವವರು ಸರಾಸರಿ ಬೆಲೆ ಹೇಳಿದರೆ ಒಳ್ಳೆಯ ಗಾಡಿಯವರು ಎದ್ದು ಹೋಗುತ್ತಾರೆ, ಕೆಟ್ಟ ಗಾಡಿಯವರು ಖುಷಿಯಿಂದ ಒಪ್ಪುತ್ತಾರೆ. ಆನ್‌ಲೈನ್ ಅಂದಾಜು ಅಂದರೆ ಇದೇ ಸರಾಸರಿ. ಗಾಡಿಯನ್ನು ಕಣ್ಣಲ್ಲೂ ನೋಡದೆ ಆ ಬೆಲೆಗೇ ಕೊಳ್ಳುತ್ತೇನೆಂದು ಯಾವ ಕಂಪನಿ ನಿಂತರೂ ಅದರ ಅಂಗಳ ತುಂಬುವುದು ಸರಾಸರಿಗಿಂತ ಕೆಟ್ಟ ಗಾಡಿಗಳಿಂದ.

ಅಮೆರಿಕದ ಜಿಲೋ ಕಂಪನಿ ಮನೆಗಳ ವಿಷಯದಲ್ಲಿ ಇಂಥ ಪಾಠವನ್ನೇ ದುಬಾರಿ ಶುಲ್ಕ ತೆತ್ತು ಕಲಿಯಿತು. ತನ್ನ ಅಂದಾಜಿನ ಬಲದ ಮೇಲೆ ಮನೆಗಳನ್ನು ತಾನೇ ಕೊಳ್ಳಲು ಹೊರಟು, 2021ರ ನವೆಂಬರಿನಲ್ಲಿ ಆ ವ್ಯವಹಾರ ಮುಚ್ಚಿ, ಕಾಲು ಭಾಗ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಆದರೂ ಜಿಲೋದಲ್ಲಿ ಮೆಚ್ಚಬೇಕಾದ ಗುಣವೊಂದಿದೆ. ತನ್ನ ಅಂದಾಜು ಎಷ್ಟು ತಪ್ಪುತ್ತದೆಂದು ಅದು ತಾನೇ ಪ್ರಕಟಿಸುತ್ತದೆ: ಮಾರಾಟಕ್ಕಿಟ್ಟ ಮನೆಗಳಲ್ಲಿ ಸುಮಾರು 2%, ಮಾರಾಟಕ್ಕಿಡದವುಗಳಲ್ಲಿ ಸುಮಾರು 7%. ಮಾರಾಟಕ್ಕಿಟ್ಟದ್ದರಲ್ಲಿ ತಪ್ಪು ಕಡಿಮೆ ಯಾಕೆ? ಮಾಲೀಕರು ಹೇಳಿದ ಬೆಲೆಯೇ ಅದಕ್ಕೆ ಕಾಣುತ್ತಿರುತ್ತದೆ. ಕಾರಿನ ಅಂದಾಜಿನಲ್ಲೂ ಇಂಥ ಮೋಸಗೊಳಿಸುವ ನಿಖರತೆ ಉಂಟು. ಅಂಕಿ ನೋಡಿ ಮಾರುವವರೂ ಕೊಳ್ಳುವವರೂ ಅದರ ಸುತ್ತಲೇ ಚೌಕಾಸಿ ಮಾಡಿದರೆ ಕೊನೆಗೆ ಅಂದಾಜು ‘ಸರಿ’ ಬಂದಂತೆ ಕಾಣುತ್ತದೆ.

ಇನ್ನು ಹೈದರಾಬಾದಿಗೇ ವಿಶೇಷವಾದ ಗೋಜಲುಗಳು. ಇಲ್ಲಿನ ರಸ್ತೆಯಲ್ಲಿ ಮೂರು ಬಗೆಯ ಪ್ಲೇಟುಗಳು ಓಡುತ್ತವೆ. 2014ರ ಜೂನಿನಲ್ಲಿ ತೆಲಂಗಾಣ ಹುಟ್ಟುವ ಮುಂಚಿನವು ಎಪಿ, ಆಮೇಲಿನವು ಟಿಎಸ್, 2024ರ ಮಾರ್ಚ್ ಮಧ್ಯದಿಂದ ಟಿಜಿ. ಎಪಿ 09 ಎಂದು ಕಂಡರೆ ಮಲಕ್‌ಪೇಟೆಯ ಡೀಲರ್ ಬಾನೆಟ್ ಎತ್ತುವ ಮುಂಚೆಯೇ ವಯಸ್ಸು ಎಣಿಸಿರುತ್ತಾನೆ. ಹದಿನೈದು ವರ್ಷದ ಗಡಿ ಹತ್ತಿರವಾದರೆ ಆರ್‌ಸಿ ನವೀಕರಣದ ತಲೆನೋವು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000. ಲೆಕ್ಕಸೂತ್ರ ವರ್ಷವರ್ಷಕ್ಕೆ ನಯವಾಗಿ ಬೆಲೆ ಇಳಿಸುತ್ತಾ ಹೋಗುತ್ತದೆ. ಮಾರುಕಟ್ಟೆ ಹಾಗಲ್ಲ, ಹದಿನಾಲ್ಕನೇ ವರ್ಷದಲ್ಲಿ ಒಮ್ಮೆಲೇ ಮುಗ್ಗರಿಸುತ್ತದೆ.

ಅಂಕಿಗಳ ಕೊರತೆಯೂ ಇದ್ದೇ ಇದೆ. ದೇಶದ ಬಹುತೇಕ ಸಾರಿಗೆ ಕಚೇರಿಗಳು ಕೇಂದ್ರದ ವಾಹನ್ ವ್ಯವಸ್ಥೆಗೆ ಬಂದಿದ್ದರೂ ತೆಲಂಗಾಣ ಬಹುಕಾಲ ತನ್ನದೇ ತಂತ್ರಾಂಶ ಇಟ್ಟುಕೊಂಡಿತ್ತು. ವಾಹನ ಡೀಲರುಗಳ ಒಕ್ಕೂಟ ಫಾಡಾ ಪ್ರತಿ ತಿಂಗಳು ಬಿಡುಗಡೆ ಮಾಡುವ ಮಾರಾಟದ ಪಟ್ಟಿಯ ಅಡಿಯಲ್ಲಿ ‘ತೆಲಂಗಾಣದ ಅಂಕಿ ಸೇರಿಲ್ಲ’ ಎಂಬ ಸಾಲು ವರ್ಷಗಟ್ಟಲೆ ಇತ್ತು. ವಾಹನ್ ನೆಚ್ಚಿಕೊಂಡು ಕಟ್ಟಿದ ಯಾವ ಲೆಕ್ಕಕ್ಕೂ ದೇಶದ ದೊಡ್ಡ ಕಾರು ಪೇಟೆಗಳಲ್ಲೊಂದು ಮಸುಕು ಮೂಲೆಯಾಗಿ ಉಳಿದದ್ದು ಹೀಗೆ.

ಕನ್ನಡಿಗರಿಗೆ ನೇರವಾಗಿ ತಟ್ಟುವುದು ಕೆಎ ಪ್ಲೇಟಿನ ಪ್ರಶ್ನೆ. ಬೆಂಗಳೂರಿನಿಂದ ಹೈಟೆಕ್ ಸಿಟಿಗೆ ಕೆಲಸ ಬದಲಿಸಿದವರು ಕಾರನ್ನೂ ತಂದಿರುತ್ತಾರೆ. ಕರ್ನಾಟಕದಲ್ಲಿ ಬೆಲೆಗೆ ತಕ್ಕಂತೆ 13%ನಿಂದ 18%ವರೆಗೆ ಜೀವಿತಾವಧಿ ತೆರಿಗೆ, ಅದರ ಮೇಲೆ ಸೆಸ್ಸು ಕಟ್ಟಿದ ಗಾಡಿ ಅದು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಆಗಬೇಕು. ಹೈದರಾಬಾದಿನವರು ಆ ಕಾರು ಕೊಂಡರೆ ಕರ್ನಾಟಕದಿಂದ ಎನ್ಒಸಿ ತರಿಸಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ತೆಲಂಗಾಣದ ತೆರಿಗೆ ಕಟ್ಟಬೇಕು, ಹಳೆಯ ತೆರಿಗೆಯ ಉಳಿಕೆಗೆ ಕರ್ನಾಟಕದ ಕಚೇರಿಗೆ ಅರ್ಜಿ ಹಾಕಿ ಕಾಯಬೇಕು. ಈ ಅಲೆದಾಟವನ್ನೆಲ್ಲ ಡೀಲರ್ ರೇಟಿನಲ್ಲೇ ಮುರಿದುಕೊಳ್ಳುತ್ತಾನೆ. ಊರು ಎಂಬಲ್ಲಿ ‘ಹೈದರಾಬಾದ್’ ಎಂದಷ್ಟೇ ತುಂಬಿ ಬಂದ ಅಂದಾಜು ಟಿಎಸ್ ಗಾಡಿಯದು. ಕೆಎ ಗಾಡಿಗೆ ಅದು ಹೆಚ್ಚಾಯಿತು.

ತಮಾಷೆಯೆಂದರೆ, ಅದೇ ಗಾಡಿಗೆ ಒಳ್ಳೆಯ ಗಿರಾಕಿ ಇಲ್ಲಿಂದ ಸುಮಾರು 140 ಕಿಲೋಮೀಟರ್ ದೂರದ ಬೀದರಿನಲ್ಲೋ, ರಾಯಚೂರಿನಲ್ಲೋ ಇರಬಹುದು. ಅವರಿಗೆ ಹೊರರಾಜ್ಯದ ಎನ್ಒಸಿಯ ಗೊಡವೆಯಿಲ್ಲ, ಎರಡನೇ ಸಲ ತೆರಿಗೆಯಿಲ್ಲ. ಬೀದರಿನ ಕೆಎ 38 ಕಚೇರಿಯಲ್ಲಿ ಹೆಸರು ಬದಲಾದರೆ ಮುಗಿಯಿತು. ಕಾಚಿಗುಡದ ಹಳೆಯ ಕನ್ನಡ ಮನೆತನಗಳಿಗೆ ಬೀದರ್–ಕಲಬುರಗಿಯ ನೆಂಟಸ್ತಿಕೆ ಹೇಗೂ ಇದೆ. ಬಾಯಿಮಾತಿನ ಆ ಜಾಲ ತೋರಿಸುವ ಗಿರಾಕಿಯನ್ನು ‘ಊರು’ ಎಂಬ ಒಂದೇ ಖಾನೆಯಿಟ್ಟ ಲೆಕ್ಕ ತೋರಿಸಲಾರದು.

ಮಳೆಯದು ಇನ್ನೊಂದು ಕಥೆ. 2020ರ ಅಕ್ಟೋಬರ್ 13ರ ರಾತ್ರಿ ಸುರಿದ ಮಳೆಗೆ ಟೋಲಿಚೌಕಿಯ ನದೀಂ ಕಾಲೊನಿ, ಫಲಕ್‌ನುಮಾ ಕಡೆಯ ಬಡಾವಣೆಗಳು ಮುಳುಗಿ, ಕಾರುಗಳು ಬೀದಿಯಲ್ಲಿ ತೇಲಿಹೋದ ದೃಶ್ಯಗಳನ್ನು ದೇಶವೇ ನೋಡಿತು. 1908ರ ಮೂಸಿ ಪ್ರವಾಹದ ನಂತರ ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿ, ಅವರ ಸಲಹೆಯಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕಟ್ಟಿಸಿದ ಊರಿದು. ಕೆರೆಗಳ ಒಡಲಲ್ಲೇ ಬಡಾವಣೆ ಎದ್ದರೆ ಅವರಾದರೂ ಏನು ಮಾಡಿಯಾರು. ಅಂದು ಮುಳುಗಿದ ಕಾರುಗಳಲ್ಲಿ ಗುಜರಿಗೆ ಹೋಗದವು ಒಣಗಿ, ತೊಳೆದು, ಮತ್ತೆ ಮಾರುಕಟ್ಟೆಗೆ ಬಂದವು. ‘ಗಾಡಿಯ ಸ್ಥಿತಿ’ ಎಂಬಲ್ಲಿ ‘ಉತ್ತಮ’ ಎಂದು ಒತ್ತಲು ಮಾಲೀಕರಿಗೆ ಯಾವ ಅಡ್ಡಿಯೂ ಇಲ್ಲ.

ಅದನ್ನು ಹಿಡಿಯುವುದು ತಪಾಸಣೆಯ ಹುಡುಗ. ಅವನ ಕೆಲಸವನ್ನು ಹತ್ತಿರ ನಿಂತು ನೋಡಿದರೆ ಅಂದಾಜಿಗೂ ಆಫರಿಗೂ ನಡುವಿನ ದೂರ ಅರ್ಥವಾಗುತ್ತದೆ. ಬಂದವನೇ ಬಣ್ಣದ ದಪ್ಪ ಅಳೆಯುವ ಸಾಧನವನ್ನು ಬಾಗಿಲು, ಫೆಂಡರ್, ಕಂಬಗಳಿಗೆ ಒತ್ತುತ್ತಾ ಸುತ್ತು ಹಾಕುತ್ತಾನೆ. ಕಾರ್ಖಾನೆಯ ಬಣ್ಣವಾದರೆ ನೂರು ಚಿಲ್ಲರೆ ಮೈಕ್ರಾನ್. ಒಂದೇ ಬಾಗಿಲು ಮುನ್ನೂರು ದಾಟಿದರೆ ಒಳಗೆ ಪುಟ್ಟಿ ಇದೆ. ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತು ಹುಡುಕುತ್ತಾನೆ. ಟೈರಿನ ಪಕ್ಕೆಯ ನಾಲ್ಕು ಅಂಕಿ ಓದುತ್ತಾನೆ. 3521 ಎಂದರೆ 2021ರ 35ನೇ ವಾರ. ಗಾಜುಗಳ ಮೇಲಿನ ತಯಾರಿಕೆಯ ವರ್ಷ ಒಂದಕ್ಕೊಂದು ಹೊಂದದಿದ್ದರೆ ಒಂದು ಗಾಜು ಒಡೆದಿತ್ತೆಂದು ಅರ್ಥ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡುತ್ತಾನೆ, ಸೀಟಿನ ಹಳಿಯ ತುಕ್ಕು ನೋಡುತ್ತಾನೆ, ಕಾರ್ಪೆಟ್ ಎತ್ತಿ ಮೂಸುತ್ತಾನೆ. ಮೀಟರಿನಲ್ಲಿ 40,000 ಇದ್ದು ಕ್ಲಚ್ ಪೆಡಲಿನ ರಬ್ಬರ್ ಪೂರಾ ಸವೆದಿದ್ದರೆ ಸರ್ವಿಸ್ ದಾಖಲೆ ಕೇಳುತ್ತಾನೆ. ಸ್ಪಿನ್ನಿ 200 ಅಂಶಗಳ, ಟ್ರೂ ವ್ಯಾಲ್ಯೂ 376 ಅಂಶಗಳ ತಪಾಸಣೆ ಎಂದು ಹೇಳಿಕೊಳ್ಳುತ್ತವೆ. ಇವುಗಳಲ್ಲಿ ಆನ್‌ಲೈನ್ ಲೆಕ್ಕಕ್ಕೆ ಗೊತ್ತಿದ್ದದ್ದು ಏಳೆಂಟು ಮಾತ್ರ.

ಹಾಗೆಂದು ತಪಾಸಣೆಯ ನಂತರದ ಕಡಿತವೆಲ್ಲ ನ್ಯಾಯವೇನಲ್ಲ. ಮೊದಲು ದೊಡ್ಡ ಅಂಕಿ ತೋರಿಸಿ, ಗಾಡಿ ನೋಡಿದ ಮೇಲೆ ಒಂದೊಂದೇ ಗೀರಿಗೆ ಸಾವಿರ ಕಳೆಯುತ್ತಾ ಬರುವುದು ಹಳೆಯ ದಲ್ಲಾಳಿಗಳ ಪಟ್ಟು. ಆ್ಯಪಿಗೆ ಬಂದ ಮಾತ್ರಕ್ಕೆ ಅದು ಸಂಭಾವಿತವಾಗುವುದಿಲ್ಲ. ಯಾವ ದೋಷಕ್ಕೆ ಎಷ್ಟು ಕಡಿತ ಎಂದು ಬರೆದು ಕೊಡದ ಆಫರನ್ನು ಅನುಮಾನದಿಂದಲೇ ನೋಡಬೇಕು.

ಎಕ್ಸ್‌ಚೇಂಜ್ ಬಂದಾಗ ನಿಖರತೆಯ ಮಾತೇ ಜಾರಿಹೋಗುತ್ತದೆ. ಒಂದು ಲೆಕ್ಕ ಹಾಕಿ ನೋಡಬಹುದು. ಆನ್‌ಲೈನಿನಲ್ಲಿ ನಾಲ್ಕು ಲಕ್ಷ ತೋರಿದ ಕಾರಿಗೆ ಶೋರೂಮಿನವರು ನಾಲ್ಕು ಲಕ್ಷ ಇಪ್ಪತ್ತು ಸಾವಿರ ಕೊಡುತ್ತೇವೆಂದರು ಅಂದುಕೊಳ್ಳಿ. ಅದರಲ್ಲಿ ಮೂವತ್ತು ಸಾವಿರ ಕಂಪನಿಯ ಎಕ್ಸ್‌ಚೇಂಜ್ ಬೋನಸ್. ಹೊಸ ಕಾರಿಗೆ ನಗದು ಗಿರಾಕಿಗೆ ಸಿಗುತ್ತಿದ್ದ ಇಪ್ಪತ್ತೈದು ಸಾವಿರದ ರಿಯಾಯಿತಿ ಈಗ ಮಾಯ. ಹಳೆಯ ಗಾಡಿಗೆ ನಿಜವಾಗಿ ಸಿಕ್ಕಿದ್ದು ಎಷ್ಟು? ಬೋನಸ್ ತೆಗೆದರೆ 3.90 ಲಕ್ಷ, ಕಳೆದುಹೋದ ರಿಯಾಯಿತಿಯನ್ನೂ ತೆಗೆದರೆ 3.65 ಲಕ್ಷ. ಒಂದೇ ದುಡ್ಡು ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ ನಡೆದಾಡುತ್ತದೆ, ಮಾಲೀಕರು ತಾವು ಗೆದ್ದೆವೆಂದುಕೊಂಡು ಸಿಹಿ ಹಂಚುತ್ತಾರೆ. ಹೊಸ ಕಾರಿನ ಅಂತಿಮ ಬೆಲೆಯನ್ನು ಎಕ್ಸ್‌ಚೇಂಜ್ ಮಾತೆತ್ತದೆ ಬರೆಸಿಕೊಂಡು, ಆಮೇಲೆ ಹಳೆಯ ಗಾಡಿ ತೋರಿಸಿದರೆ ಮಾತ್ರ ಆನ್‌ಲೈನ್ ಅಂಕಿಯೊಂದಿಗೆ ಹೋಲಿಸಲು ಏನಾದರೂ ಸಿಗುತ್ತದೆ. ತೆಲಂಗಾಣದಲ್ಲಿ ಇನ್ನೊಂದು ಸಣ್ಣ ಲೆಕ್ಕವಿದೆ. ಹೆಸರಿನಲ್ಲಿ ಒಂದು ಕಾರಿದ್ದು ಎರಡನೆಯದು ಕೊಂಡರೆ ಜೀವಿತಾವಧಿ ತೆರಿಗೆ 2% ಹೆಚ್ಚು. ಹತ್ತು ಲಕ್ಷದ ಕಾರಿಗೆ ಅದೇ ಇಪ್ಪತ್ತು ಸಾವಿರ. ಹಳೆಯದು ಹೆಸರಿನಿಂದ ಬೇಗ ಹೋಗಲಿ ಎಂಬ ಅವಸರಕ್ಕೂ ಬೆಲೆಯುಂಟು, ಅದನ್ನು ಯಾವ ತಾಣವೂ ಕೂಡಿಸಿ ಹೇಳುವುದಿಲ್ಲ.

ವಿಮೆಯ ಕಾಗದದಲ್ಲಿರುವ ಐಡಿವಿಯನ್ನು ಮಾರುಕಟ್ಟೆ ಬೆಲೆಯೆಂದು ವಾದಿಸುವವರೂ ಕಡಿಮೆಯಿಲ್ಲ. ಅದು ಶೋರೂಂ ಬೆಲೆಯಿಂದ ವಯಸ್ಸಿನ ಪ್ರಕಾರ ಕಳೆಯುವ ಕೋಷ್ಟಕ: ಮೂರನೇ ವರ್ಷದಲ್ಲಿ 30%, ನಾಲ್ಕನೆಯದರಲ್ಲಿ 40%, ಐದನೆಯದರಲ್ಲಿ 50%. ಇನ್ನೋವಾಕ್ಕೂ, ಕೇಳುವವರೇ ಇಲ್ಲದ ಮಾಡೆಲಿಗೂ ಒಂದೇ ಶೇಕಡಾ.

ಹಾಗಾದರೆ ಯಾವುದಾದರೂ ತಾಣದ ಅಂದಾಜನ್ನು ತೂಗಿ ನೋಡುವುದು ಹೇಗೆ? ಒಂದೇ ದಿನ, ಒಂದೇ ವಿವರ ಕೊಟ್ಟು ನಾಲ್ಕೈದು ಕಡೆ ಕೇಳಿದರೆ ಮೊದಲಿಗೆ ಸಿಗುವುದು ಅಂಕಿಗಳ ಹರವು. ಕನಿಷ್ಠಕ್ಕೂ ಗರಿಷ್ಠಕ್ಕೂ ಹತ್ತು ಶೇಕಡಾ ಅಂತರವಿದ್ದರೆ ಅದು ಚೆನ್ನಾಗಿ ಓಡುವ ಮಾಡೆಲ್. ಇಪ್ಪತ್ತೈದು ದಾಟಿದರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ ಎಂದೇ ಲೆಕ್ಕ. ಆಮೇಲೆ ಒಂದೊಂದೇ ಉತ್ತರ ಬದಲಿಸಿ ನೋಡಬೇಕು. ಮೊದಲ ಮಾಲೀಕರನ್ನು ಎರಡನೆಯವರಾಗಿಸಿದಾಗ, 60,000 ಕಿಲೋಮೀಟರನ್ನು 90,000 ಮಾಡಿದಾಗ ಅಂಕಿ ಅಲುಗದಿದ್ದರೆ ಆ ಲೆಕ್ಕ ಬರೀ ಮಾಡೆಲ್ ಮತ್ತು ವರ್ಷ ನೋಡಿ ಮಾತಾಡುತ್ತಿದೆ. ಫೋನ್ ನಂಬರ್ ಕೊಡುವ ಮುಂಚಿನ ಅಂಕಿ, ಕೊಟ್ಟ ಮೇಲಿನ ಅಂಕಿ, ತಪಾಸಣೆಯ ನಂತರದ ಅಂಕಿ, ಸೇವಾ ಶುಲ್ಕ ಕಳೆದು ಖಾತೆಗೆ ಬಿದ್ದ ದುಡ್ಡು, ಇವಿಷ್ಟನ್ನೂ ಬರೆದಿಟ್ಟುಕೊಂಡರೆ ಆ ತಾಣದ ಜಾತಕ ಕೈಗೆ ಬರುತ್ತದೆ. ಜಾಹೀರಾತಿನ ಬೆಲೆಯೊಂದಿಗೆ ಹೋಲಿಸಿ ತಾಣವನ್ನು ಬೈಯುವುದರಲ್ಲಿ ಅರ್ಥವಿಲ್ಲ; ಆ ಬೆಲೆಗೆ ಗಾಡಿ ಹೋಯಿತೆಂದು ಯಾರು ಕಂಡಿದ್ದಾರೆ?

ಸಾಮಾನ್ಯ ಗಾಡಿಗಳಲ್ಲಿ ಈ ಲೆಕ್ಕಗಳು ತಕ್ಕಮಟ್ಟಿಗೆ ನಂಬಲರ್ಹ. ನಾಲ್ಕು ವರ್ಷದ ವ್ಯಾಗನ್ ಆರ್, ಕ್ರೆಟಾ, ಒಬ್ಬರೇ ಮಾಲೀಕರು, ಟಿಎಸ್ ಪ್ಲೇಟು, ಶೋರೂಂ ಸರ್ವಿಸ್ ಎಂದರೆ ವ್ಯಾಪಾರಗಳ ಸಂಖ್ಯೆ ಹೆಚ್ಚು, ತಪ್ಪಿಗೆ ಜಾಗ ಕಡಿಮೆ. ಖೈರತಾಬಾದ್ ಸಾರಿಗೆ ಕಚೇರಿಯ ಹರಾಜಿನಲ್ಲಿ 9999 ಎಂಬ ಸಂಖ್ಯೆಗೆ 2024ರಲ್ಲಿ 25 ಲಕ್ಷಕ್ಕೂ ಹೆಚ್ಚು ಸುರಿದವರ ಗಾಡಿಗೆ ಮಾತ್ರ ಯಾವ ಸೂತ್ರವೂ ನಾಟದು.

ಸೂತ್ರ ಪೂರ್ತಿ ಕೈಚೆಲ್ಲುವುದು ಎಲೆಕ್ಟ್ರಿಕ್ ಕಾರಿನಲ್ಲಿ. ಅಲ್ಲಿ ಬೆಲೆಯಿರುವುದು ಬ್ಯಾಟರಿಗೆ. ಓಡಿದ ಕಿಲೋಮೀಟರಿಗಿಂತ ಅದನ್ನು ಹೇಗೆ ಚಾರ್ಜ್ ಮಾಡಿದರು ಎಂಬುದು ಮುಖ್ಯ. ಅಂದಾಜಿನ ಫಾರ್ಮಿನಲ್ಲಿ ಆ ಪ್ರಶ್ನೆಯೇ ಇರುವುದಿಲ್ಲ. ಜೊತೆಗೆ ತೆಲಂಗಾಣ 2024ರ ನವೆಂಬರಿನಿಂದ ಹೊಸ ಎಲೆಕ್ಟ್ರಿಕ್ ಕಾರುಗಳಿಗೆ ಜೀವಿತಾವಧಿ ತೆರಿಗೆಯನ್ನೂ ನೋಂದಣಿ ಶುಲ್ಕವನ್ನೂ ಪೂರ್ತಿ ಬಿಟ್ಟಿತು. ಕರ್ನಾಟಕ ಅದೇ ವರ್ಷ 25 ಲಕ್ಷ ದಾಟಿದವಕ್ಕೆ 10% ತೆರಿಗೆ ಹಾಕಿತ್ತು. ಹೊಸದೇ ತೆರಿಗೆಯಿಲ್ಲದೆ ಸಿಗುವ ಊರಿನಲ್ಲಿ ಹಳೆಯದನ್ನು ಕೇಳುವವರು ರೇಟು ಜಗ್ಗುತ್ತಾರೆ, ಆದ್ದರಿಂದ ಒಂದೇ ಕಾರಿಗೆ ಬೆಂಗಳೂರಿನ ಅಂದಾಜು ಹೈದರಾಬಾದಿಗೆ ಒಗ್ಗುವುದಿಲ್ಲ. ಜೆಎಸ್‌ಡಬ್ಲ್ಯು ಎಂಜಿ ಕಂಪನಿ 2024ರ ಸೆಪ್ಟೆಂಬರಿನಲ್ಲಿ ವಿಂಡ್ಸರ್ ಕಾರು ಬಿಡುಗಡೆ ಮಾಡಿದಾಗ ಮೂರು ವರ್ಷದ ನಂತರ 60% ಬೆಲೆಗೆ ವಾಪಸ್ ಕೊಳ್ಳುವ ಯೋಜನೆಯನ್ನೂ ಜೊತೆಗಿಟ್ಟಿತು. ಷರತ್ತುಗಳಿವೆ, ಕಿಲೋಮೀಟರಿನ ಮಿತಿಯಿದೆ. ಬ್ಯಾಟರಿಯ ಆಜೀವ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ಹಾಗಿದ್ದೂ ಈ ಪೇಟೆಯಲ್ಲಿ ಅಂದಾಜು ಹೇಳಿದವರೇ ಅಷ್ಟಕ್ಕೆ ಕೊಳ್ಳುತ್ತೇವೆಂದು ಬರೆದುಕೊಟ್ಟ ಅಪರೂಪದ ಅಂಕಿ ಅದು, ಅದರ ಮೊದಲ ಪರೀಕ್ಷೆ 2027ರಲ್ಲಿ. ತೆಲಂಗಾಣದ ತೆರಿಗೆ ವಿನಾಯಿತಿಯ ಅವಧಿ ಅದಕ್ಕೂ ಮೊದಲು, 2026ರ ಡಿಸೆಂಬರ್ 31ಕ್ಕೆ, ಮುಗಿಯುತ್ತದೆ.